ವಾಲ್ವಿನ ನಾದ: ಹಳೆಯದು, ಹೊಸದು

ಸ್ವಿಚ್ಚು ಹಾಕಿದೊಡನೆ ಮಾತನಾಡದ ರೇಡಿಯೋ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ತಿರುಪನ್ನು ತಿರುಗಿಸಿ ಅರ್ಧ ನಿಮಿಷ ಕಾಯಬೇಕು; ಹಿಂಬದಿಯ ಕಿಂಡಿಗಳಲ್ಲಿ ಕೆಂಡದ ಬಣ್ಣ ಮೂಡಬೇಕು; ಆಮೇಲೆ ಹಾಡು. ಆ ಕೆಂಡವೇ ವಾಲ್ವು. ಪಾರಿಭಾಷಿಕವಾಗಿ ಅದನ್ನು ‘ನಿರ್ವಾತ ನಳಿಗೆ’ ಎನ್ನುವುದುಂಟು. ಕನ್ನಡದ ಮೇಷ್ಟರಾದ ನಾನು ಆ ಪದವನ್ನು ಎತ್ತಿ ಹಿಡಿಯಬೇಕಾದುದು ನ್ಯಾಯವೆ. ಆದರೆ ರಿಪೇರಿ ಅಂಗಡಿಗೆ ಹೋಗಿ ನಿರ್ವಾತ ನಳಿಗೆ ಕೊಡಿರೆಂದರೆ ಕೊಡುವವರಿಲ್ಲ. ಆದುದರಿಂದ ವಾಲ್ವು ಎಂದೇ ಹೇಳುತ್ತೇನೆ.

೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಬರಬರುತ್ತ ರೇಡಿಯೋ ವಾಲ್ವನ್ನು ಬಿಟ್ಟಿತು, ಟೆಲಿವಿಷನ್ ಬಿಟ್ಟಿತು, ಗಣಕಯಂತ್ರವೂ ಬಿಟ್ಟಿತು. ಬಿಡಲೊಲ್ಲದವರು ವಿದ್ಯುತ್ ಗಿಟಾರ್ ನುಡಿಸುವವರು. ಕಾರಣವಿದೆ. ನಮ್ಮ ವೀಣೆಗೆ ಕೊಡವಿದೆ. ತಂತಿಯ ಮಿಡಿತ ಅದರಲ್ಲಿ ತುಂಬಿ ನಾದವಾಗುತ್ತದೆ. ಗಟ್ಟಿ ಮರದ ವಿದ್ಯುತ್ ಗಿಟಾರಿಗೆ ಹೊಟ್ಟೆಯೇ ಇಲ್ಲ. ಅದರ ತಂತಿಯನ್ನು ಬರಿದೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ಆಂಪ್ಲಿಫಯರೇ ಅದರ ಕೊಡ, ಎಂದರೆ ವಾದ್ಯದ ಅರ್ಧ ಭಾಗ. ಅದು ಬದಲಾದರೆ ವಾದ್ಯವೇ ಬದಲಾದಂತೆ.

ಇಂತಹ ಆಂಪ್ಲಿಫಯರುಗಳಲ್ಲಿ ಹಳೆಯದು ಮೇಲೋ ಹೊಸದು ಮೇಲೋ ಎಂಬ ಚರ್ಚೆ ಬಹುಕಾಲದಿಂದ ನಡೆದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ವಾದ್ಯಗೋಷ್ಠಿಯೊಂದರಲ್ಲಿ ಗಿಟಾರ್ ನುಡಿಸುವವನು, ತನ್ನ ಉಳಿತಾಯವನ್ನೆಲ್ಲ ಸುರಿದು ಅಮೆರಿಕದ ಹಳೆಯದೊಂದನ್ನು ತರಿಸಿಕೊಳ್ಳಲು ಹೊರಟಿದ್ದಾನೆ. “ಮೇಷ್ಟ್ರೆ, ಒಳಗಿನ ಒಂದು ತಂತಿಯನ್ನೂ ಯಾರಿಂದಲೂ ಮುಟ್ಟಿಸೋದಿಲ್ಲ. ಮುಟ್ಟಿದರೆ ನಾದ ಹೋಗುತ್ತೆ” ಎಂದು ಹೇಳಿದ. ಅವನ ಹಣದ ಮಾತು ಹಾಗಿರಲಿ, ಆ ‘ಮುಟ್ಟಿಸೋದಿಲ್ಲ’ ಎಂಬುದು ನನಗೆ ಹೆದರಿಕೆ ತಂದಿತು. ಏಕೆಂದು ಹೇಳುತ್ತೇನೆ.

ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಎಂಬಾತ, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು, ೧೯೫೨ರಲ್ಲಿ ‘ಬ್ಯಾಸ್‌ಮನ್’ ಎಂಬ ಆಂಪ್ಲಿಫಯರನ್ನು ಮಾರುಕಟ್ಟೆಗೆ ತಂದ. ಹೆಸರೇ ಹೇಳುವಂತೆ ಅದು ಮಂದ್ರದ ಬ್ಯಾಸ್ ಗಿಟಾರಿಗೆಂದು ಮಾಡಿದ್ದು. ಐವತ್ತರ ದಶಕದ ಕೊನೆಗೆ ಅದು ಹತ್ತಂಗುಲದ ನಾಲ್ಕು ಸ್ಪೀಕರುಗಳ, ಸುಮಾರು ನಲವತ್ತು ವ್ಯಾಟಿನ ಪೆಟ್ಟಿಗೆಯಾಗಿ ಬೆಳೆಯಿತು. ಮಾಡಿದವನ ಉದ್ದೇಶ ಒಂದಾದರೆ ಕೊಂಡವರ ಉಪಯೋಗ ಇನ್ನೊಂದು: ಸಾಧಾರಣ ಗಿಟಾರಿನವರು ಅದನ್ನು ಒಲಿದು ಅಪ್ಪಿಕೊಂಡರು.

ಅದೇ ಮಂಡಲವನ್ನು ೧೯೬೨ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನ ಜಿಮ್ ಮಾರ್ಷಲ್ ಎಂಬ ವಾದ್ಯದಂಗಡಿಯವನೂ ಅವನ ಸಂಗಡಿಗರೂ ನಕಲು ಮಾಡಿದರು. ನಾವು ಓಲೆಗರಿಗಳಲ್ಲಿ ಪಾಠಾಂತರಗಳನ್ನು ನೋಡುವವರು. ಇಲ್ಲಿಯೂ ಅದೇ ಕಥೆ. ಅಮೆರಿಕದ ೫೮೮೧ ವಾಲ್ವು ಇಂಗ್ಲೆಂಡಿನಲ್ಲಿ ದುಬಾರಿ, ಆದುದರಿಂದ ಅಲ್ಲಿಯ ಕೆಟಿ ೬೬ ಬಂತು. ಮೊದಲನೆಯ ಸ್ಥಾನದಲ್ಲಿ ಹೆಚ್ಚು ವರ್ಧಿಸುವ ವಾಲ್ವು ಕುಳಿತಿತು. ಹಿಂಬದಿ ತೆರೆದಿದ್ದ ಪೆಟ್ಟಿಗೆಯ ಬದಲು ಹಿಂಬದಿ ಮುಚ್ಚಿದ ಪೆಟ್ಟಿಗೆ, ಹತ್ತಂಗುಲದ ಸ್ಪೀಕರುಗಳ ಬದಲು ಹನ್ನೆರಡಂಗುಲದವು. ಲಿಪಿಕಾರ ಒಂದೆರಡು ಅಕ್ಷರ ತಿದ್ದಿದ, ಪದ್ಯದ ಧಾಟಿಯೇ ಬೇರೆಯಾಯಿತು. ಅದೇ ಮಾರ್ಷಲ್ ಜೆಟಿಎಂ ೪೫. ರಾಕ್ ಸಂಗೀತದ ಗಡಸು ದನಿಗೆ ಮೂಲಗಳಲ್ಲೊಂದು.

ಹಾಗಾದರೆ ನಾದ ಇರುವುದು ಎಲ್ಲಿ? ವಾಲ್ವಿಗೆ ಅದರ ಶಕ್ತಿಗೆ ಮೀರಿ ದುಡಿಸಿದಾಗ ಧ್ವನಿಯ ಅಲೆಯ ನೆತ್ತಿ ಕತ್ತಿಯಿಂದ ಕೊಯ್ದಂತೆ ಥಟ್ಟನೆ ತುಂಡಾಗುವುದಿಲ್ಲ. ಮೊದಲು ದುಂಡಗೆ ಬಾಗಿ, ಒತ್ತಡ ಹೆಚ್ಚಿದಂತೆ ಚಪ್ಪಟೆಯಾಗುತ್ತದೆ. ಹಾಗೆ ಬಾಗುವಾಗ ಮೂಲಸ್ವರದ ಜೊತೆಗೆ ಅನುಸ್ವರಗಳು ಹುಟ್ಟುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ನೂಲೆಳೆ ಸೇರಿಸಿ ಜೀವ ಕೊಡುವುದನ್ನು ನೀವು ಕಂಡಿದ್ದೀರಿ. ಒಂದೇ ತಂತಿ ಆಗ ತುಂಬಿ ಗುಂಯ್ಗುಡುತ್ತದೆ. ಇದೂ ಸುಮಾರಾಗಿ ಅಂತಹುದೇ ಸಮೃದ್ಧಿ. ಇನ್ನೊಂದು ಗುಣವೂ ಉಂಟು. ತಂತಿಯನ್ನು ಜೋರಾಗಿ ಮೀಟಿದ ಕ್ಷಣದಲ್ಲಿ ಅನೇಕ ಹಳೆಯ ಆಂಪ್ಲಿಫಯರುಗಳೊಳಗಿನ ವೋಲ್ಟೇಜು ತುಸು ಕುಸಿದು ಮತ್ತೆ ಏಳುತ್ತದೆ, ದಮ್ಮು ಎಳೆದುಕೊಂಡಂತೆ. ಕೇಳುವವನಿಗಿಂತ ಮೀಟುವ ಬೆರಳಿಗೆ ಇದು ಬೇಗ ತಿಳಿಯುತ್ತದೆ.

ಗಮನಿಸಿ, ಇವುಗಳಲ್ಲಿ ಯಾವುದೂ ವಯಸ್ಸಿನಿಂದ ಬಂದುದಲ್ಲ. ಮಂಡಲದ ರಚನೆಯಿಂದ, ಟ್ರಾನ್ಸ್‌ಫಾರ್ಮರಿನಿಂದ, ಸ್ಪೀಕರಿನಿಂದ ಬಂದುದು. ೧೯೫೯ರಲ್ಲಿ ಅದು ಹೊಸತಾಗಿದ್ದಾಗಲೂ ಹೀಗೆಯೇ ಇತ್ತು. ವಯಸ್ಸು ಕೊಡುವುದು ಸ್ವಲ್ಪ ಮಾತ್ರ: ಸ್ಪೀಕರಿನ ಕಾಗದ ಮೆತ್ತಗಾಗುತ್ತದೆ, ರೆಸಿಸ್ಟರುಗಳ ಬೆಲೆ ಮೆಲ್ಲನೆ ಏರುತ್ತದೆ. ಅಂದಿನ ಬಿಡಿಭಾಗಗಳು ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆ ಇರುತ್ತಿದ್ದುದರಿಂದ ಒಂದೇ ವರ್ಷದ ಎರಡು ಪೆಟ್ಟಿಗೆಗಳು ಒಂದೇ ರೀತಿ ನುಡಿಯುತ್ತಿರಲಿಲ್ಲ. ಜೊತೆಗೆ, ಕೆಟ್ಟವುಗಳನ್ನು ಜನ ಎಂದೋ ಎಸೆದಿದ್ದಾರೆ. ಉಳಿದ ಒಳ್ಳೆಯವನ್ನು ಕೇಳಿ ಹಳೆಯವೆಲ್ಲ ಒಳ್ಳೆಯವೆನ್ನುವುದು ನನ್ನ ದೃಷ್ಟಿಯಲ್ಲಿ ತರ್ಕವಲ್ಲ.

ಬಾಳಿಕೆಯ ವಿಚಾರದಲ್ಲಿ ಮಾತ್ರ ಹಳೆಯದಕ್ಕೆ ನಿಜವಾದ ಹಿರಿಮೆ ಒಂದುಂಟು. ಅದನ್ನು ಬಿಚ್ಚಿ ನೋಡಿದರೆ ಅಗಲವಾದ ಹಲಗೆಯ ಮೇಲೆ ಪ್ರತಿಯೊಂದು ಭಾಗವೂ ಬಿಡಿಬಿಡಿಯಾಗಿ, ಕೈಯಿಂದ ಬೆಸೆದು ಕುಳಿತಿದೆ. ಯಾವ ವಾಲ್ವು ಎಲ್ಲಿ ಎಂಬ ಚೀಟಿಯನ್ನು ಪೆಟ್ಟಿಗೆಯೊಳಗೇ ಅಂಟಿಸಿದ್ದರು. ಬೆಸುಗೆ ಬಲ್ಲ ಯಾವ ಕೆಲಸಗಾರನಾದರೂ ಒಂದನ್ನು ತೆಗೆದು ಇನ್ನೊಂದನ್ನು ಹಾಕಬಹುದು. ಫೆಂಡರ್ ಕಂಪನಿ ೧೯೯೦ರಲ್ಲಿ ಅದೇ ಬ್ಯಾಸ್‌ಮನ್ನನ್ನು ಮತ್ತೆ ತಯಾರಿಸಿದಾಗ ಅಚ್ಚು ಹಾಕಿದ ಸರ್ಕ್ಯೂಟ್ ಹಲಗೆಯನ್ನು ಬಳಸಿತು. ಅದು ಅಗ್ಗ, ಒಂದರಂತೆ ಇನ್ನೊಂದು ಬರುತ್ತದೆ, ಒಳ್ಳೆಯ ಹಲಗೆಯಾದರೆ ಹಲವು ಕಾಲ ತೊಂದರೆಯಿಲ್ಲ. ಆದರೆ ಅಗ್ಗದ ಆಂಪ್ಲಿಫಯರುಗಳಲ್ಲಿ ವಾಲ್ವಿನ ಸಾಕೆಟ್ಟನ್ನೇ ಆ ಹಲಗೆಗೆ ಬೆಸೆದುಬಿಡುತ್ತಾರೆ. ದಿನವೂ ಕಾದು ತಣಿಯುತ್ತ ಬೆಸುಗೆ ಬಿರುಕು ಬಿಡುತ್ತದೆ, ಕಡ್ಡಿಯಷ್ಟು ಸಣ್ಣ ತಾಮ್ರದ ಹಾದಿ ಎದ್ದುಬರುತ್ತದೆ. ಕೊಳ್ಳುವವರು ಮೊದಲು ಇದನ್ನೇ ವಿಚಾರಿಸಬೇಕು.

ವಾಲ್ವುಗಳ ಸ್ಥಿತಿ ಬೇರೆ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತ್ತು; ಅದು ನಿಂತು ಬಹುಕಾಲವಾಯಿತು. ಈಗ ಬಹುಮಟ್ಟಿಗೆ ರಷ್ಯಾ, ಸ್ಲೊವಾಕಿಯಾ, ಚೀನಾಗಳೇ ಗತಿ. ೨೦೨೨ರಲ್ಲಿ ರಷ್ಯಾದ ರಫ್ತಿಗೆ ತಡೆಬಿದ್ದಾಗ ಜಗತ್ತಿನ ಗಿಟಾರಿನವರೆಲ್ಲ ಕಂಗಾಲಾದರು. ಹಳೆಯದಿರಲಿ ಹೊಸದಿರಲಿ, ಈ ಹಂಗು ಇಬ್ಬರಿಗೂ ಒಂದೇ.

ಇನ್ನು ನನ್ನ ಶಿಷ್ಯನ ವಿಷಯ. ಹಳೆಯ ಆಂಪ್ಲಿಫಯರಿನೊಳಗೆ ನಾನೂರು ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಹರಿಯುತ್ತದೆ. ಅದನ್ನು ಕೂಡಿಡುವ ಕೆಪಾಸಿಟರುಗಳ ಒಳಗಿನ ದ್ರವ ವರ್ಷಗಳಲ್ಲಿ ಒಣಗಿಹೋಗುತ್ತದೆ. ಮೊದಲು ಗುಂಯ್ ಎಂಬ ಸದ್ದು, ಮುಂದೆ ಸ್ಫೋಟವೋ ಟ್ರಾನ್ಸ್‌ಫಾರ್ಮರು ಸುಡುವುದೋ. ಪ್ಲಗ್ಗು ಕಿತ್ತ ಮೇಲೂ ಅವು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ, ತಿಳಿಯದವರು ಒಳಗೆ ಕೈಯಿಡಬಾರದು. ಅಂದಿನ ಅಮೆರಿಕದ ಪ್ಲಗ್ಗಿಗೆ ಎರಡೇ ಪಿನ್ನು, ಭೂಸಂಪರ್ಕವಿಲ್ಲ. ಮುಖ್ಯ ತಂತಿಯಿಂದ ಲೋಹದ ಚೌಕಟ್ಟಿಗೆ ಒಂದು ಕೆಪಾಸಿಟರು. ಅದು ಕೆಟ್ಟು ಒಳಗೊಳಗೇ ಕೂಡಿಕೊಂಡರೆ ಗಿಟಾರಿನ ತಂತಿ ಹಿಡಿದವನ ಮೈಯೇ ದಾರಿಯಾಗುತ್ತದೆ. ತುಟಿಯ ಬಳಿ ಮೈಕು ಇದ್ದರಂತೂ ಹೇಳುವುದೇ ಬೇಡ. ಆ ಕೆಪಾಸಿಟರಿಗೆ ವಾದಕರು ‘ಸಾವಿನ ಕೆಪಾಸಿಟರು’ ಎಂದೇ ಹೆಸರಿಟ್ಟಿದ್ದಾರೆ. ಇದರಿಂದ ನಾದಕ್ಕೆ ಲಾಭವೇನೂ ಇಲ್ಲ. ತಾಳೆಗರಿಗೆ ಎಣ್ಣೆ ಸವರಿ ಕಾಪಾಡಿದವರು ಕಾವ್ಯದ ಪಾಠವನ್ನು ಕೆಡಿಸಿದರೆಂದು ಯಾರೂ ದೂರುವುದಿಲ್ಲ.

ಆದುದರಿಂದ ಅವನಿಗೆ ಹೇಳಿದೆ, ನಿಮ್ಮ ಮನೆಯಲ್ಲೂ ಇಂತಹ ಹುಡುಗರಿದ್ದರೆ ಹೇಳಿರಿ: ಬಂದೊಡನೆ ಗೋಡೆಯ ಸಾಕೆಟ್ಟಿಗೆ ಚುಚ್ಚಬೇಡ, ಅದು ೧೧೭ ವೋಲ್ಟಿನದು, ನಮ್ಮದು ೨೩೦; ನಡುವೆ ಇಳಿಸುವ ಟ್ರಾನ್ಸ್‌ಫಾರ್ಮರು ಇರಲೇಬೇಕು. ಬಲ್ಲವನ ಬಳಿ ಒಯ್ದು ಮೂರು ಪಿನ್ನಿನ ಪ್ಲಗ್ಗು ಹಾಕಿಸು, ಆ ಸಾವಿನ ಕೆಪಾಸಿಟರನ್ನು ಕಿತ್ತುಹಾಕಿಸು, ಒಣಗಿದವನ್ನು ಬದಲಾಯಿಸು. ಟ್ರಾನ್ಸ್‌ಫಾರ್ಮರು, ಸ್ಪೀಕರು ಚೆನ್ನಾಗಿದ್ದರೆ ಅವುಗಳನ್ನು ಮುಟ್ಟಿಸಬೇಡ. ತೆಗೆದ ಹಳೆಯ ಭಾಗಗಳನ್ನು ಒಂದು ಚೀಲದಲ್ಲಿ ಕಟ್ಟಿ ಜೋಪಾನವಾಗಿಡು. ಮುಂದೆ ಮಾರುವಾಗ ಅವನ್ನೂ ಕೇಳುವವರುಂಟು.