ಹೊಸ ಉದ್ಯಮಿಗಳ ಜಾತ್ರೆಯಲ್ಲಿ ಒಬ್ಬ ಬ್ಯಾಂಕ್ ಗುಮಾಸ್ತ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ನನ್ನ ಕಸುಬಲ್ಲ. ನೋಟು ಎಣಿಸುವುದು, ಚೆಕ್ಕು ನೋಡುವುದು, ಸಾಲದ ಅರ್ಜಿಗಳಿಗೆ ಕಾಗದ ಸೇರಿಸಿ ಮೇಲಿನವರಿಗೆ ಕಳಿಸುವುದು ನನ್ನ ಕಸುಬು. ಆದರೂ “ಸಮ್ಮೇಳನಕ್ಕೆ ಹೋಗಿದ್ದಿರಂತೆ, ಕಂಡದ್ದನ್ನು ನಮಗೂ ಹೇಳಿ” ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ಇಲ್ಲವೆನ್ನಲಾಗಲಿಲ್ಲ. ಚಂದಾ ಬಾಕಿ ಇರಿಸಿಕೊಂಡವನು ಕಾರ್ಯದರ್ಶಿಗಳ ಮಾತು ಮೀರುವುದುಂಟೆ?

ನಾನು ಹೋದದ್ದು 2025ರ ಏಪ್ರಿಲ್ 3ರಿಂದ 5ರವರೆಗೆ ಇಲ್ಲಿಯೇ ದೆಹಲಿಯ ಭಾರತ ಮಂಟಪದಲ್ಲಿ ನಡೆದ ಸ್ಟಾರ್ಟ್‌ಅಪ್ ಮಹಾಕುಂಭಕ್ಕೆ. ಹೊಸದಾಗಿ ಉದ್ಯಮ ಹೂಡಿದವರೂ, ಹೂಡಬೇಕೆನ್ನುವವರೂ, ಅವರಿಗೆ ಬಂಡವಾಳ ಕೊಡುವವರೂ ಕೂಡುವ ಜಾತ್ರೆ ಅದು. ಕೊನೆಯ ದಿನ ಶನಿವಾರ. ಆದರೆ ತಿಂಗಳ ಮೊದಲನೆಯ ಶನಿವಾರವಾದ್ದರಿಂದ ನಮಗೆ ರಜವಿಲ್ಲ. ಒಂದು ಸಿ.ಎಲ್. ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ‘ಸ್ವಂತ ಕೆಲಸ’ ಎಂದು ಹಾಕಿದ್ದೆ.

ಸ್ವಂತ ಕೆಲಸವೇನೂ ಇರಲಿಲ್ಲವೆಂದಲ್ಲ. ನನ್ನ ಮನೆಯಾಕೆ ಚಟ್ನಿಪುಡಿ, ಸಾರಿನ ಪುಡಿ ಮಾಡಿ ನಮ್ಮ ಕಡೆಯ ಮನೆಗಳಿಗೆ ಕೊಡುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದಕ್ಕೂ ಹಿಂದಿನ ದೀಪಾವಳಿಯಲ್ಲಿ ಆಕೆ, “ಒಂದು ಪುಡಿ ಮಾಡುವ ಯಂತ್ರ ತೆಗೆದುಕೊಳ್ಳೋಣ, ಸಾಲ ಸಿಗುತ್ತದೆಯೇ ನೋಡಿ” ಎಂದಿದ್ದಳು. “ಸಾಲದ ವಿಷಯ ನನಗೆ ಗೊತ್ತು, ನಿನಗೆ ಗೊತ್ತಿಲ್ಲ” ಎಂದುಬಿಟ್ಟೆ. ಆಕೆ ಮತ್ತೆ ಆ ಮಾತೆತ್ತಲಿಲ್ಲ. ಎತ್ತದೆ ಇದ್ದದ್ದೇ ನನ್ನನ್ನು ಚುಚ್ಚುತ್ತಿತ್ತು.

ಸಭಾಂಗಣದಲ್ಲಿ ಅಂದು ಎಲ್ಲರ ಬಾಯಲ್ಲೂ ಒಂದೇ ಮಾತು. ಮೊದಲ ದಿನ ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಅವರು, ನಮ್ಮ ಹೊಸ ಉದ್ಯಮಗಳು ಮನೆಬಾಗಿಲಿಗೆ ಊಟ ತಲುಪಿಸುವುದರಲ್ಲಿ, ಐಸ್‌ಕ್ರೀಂ ಮಾರುವುದರಲ್ಲಿ ತೃಪ್ತಿಪಟ್ಟುಕೊಂಡರೆ ಸಾಲದು, ಚೀನಾದವರಂತೆ ಚಿಪ್ಪು, ರೋಬೋಟುಗಳ ಕಡೆಗೂ ನೋಡಬೇಕು ಎಂಬರ್ಥದಲ್ಲಿ ಮಾತನಾಡಿದ್ದರು. ಕೆಲವರಿಗೆ ಕೋಪ, ಕೆಲವರಿಗೆ ಸಮಾಧಾನ. ಸಚಿವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಚಿಪ್ಪಿನಂಥ ಕೆಲಸಕ್ಕೆ ಹತ್ತಾರು ವರ್ಷ ಕಾಯುವ ಹಣ ಬೇಕು. ಬ್ಯಾಂಕಿನಲ್ಲಿರುವುದು ಠೇವಣಿದಾರರ ಹಣ; ಪಿಂಚಣಿಯ ಮುದುಕರು ನಾಳೆ ಬಂದು ಕೇಳಿದರೆ ಕೊಡಬೇಕಾದ ಹಣ. ಮುಳುಗಿದರೂ ಸರಿಯೆಂದು ಪಾಲು ಹಾಕುವವರು ಬೇರೆಯೇ ಇರಬೇಕು. ಅದಕ್ಕೆಂದೇ 2016ರಲ್ಲಿ ಕೇಂದ್ರ ಸರಕಾರ ಸಿಡ್ಬಿಯ ಮೂಲಕ 10,000 ಕೋಟಿ ರೂಪಾಯಿಯ ನಿಧಿಯೊಂದನ್ನು ಏರ್ಪಡಿಸಿತು. ಅದು ಉದ್ಯಮಕ್ಕೆ ನೇರವಾಗಿ ಹಣ ಕೊಡುವುದಿಲ್ಲ. ಹೀಗೆ ಪಾಲು ಹಾಕುವ ಸಂಸ್ಥೆಗಳಿಗೆ ಕೊಡುತ್ತದೆ.

ಆದರೆ ಐಸ್‌ಕ್ರೀಂ ಎಂದ ಕೂಡಲೇ ಕನ್ನಡಿಗನಾದ ನನಗೆ ನೆನಪಾದವರು ಮೂಲ್ಕಿಯ ಕಡೆಯ ರಘುನಂದನ ಕಾಮತರು. ಹಣ್ಣು ಮಾರುವವರ ಮಗ. 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ‘ನ್ಯಾಚುರಲ್’ ಎಂಬ ಸಣ್ಣ ಅಂಗಡಿ ತೆರೆದರು. ಐಸ್‌ಕ್ರೀಂ ಒಂದನ್ನೇ ನಂಬಿದರೆ ಜನ ಬರುವರೋ ಇಲ್ಲವೋ ಎಂದು ಪಾವ್‌ಭಾಜಿಯನ್ನೂ ಇಟ್ಟಿದ್ದರಂತೆ. ಹಣ್ಣನ್ನು ಬಲ್ಲವರಾದ್ದರಿಂದ ಚಿಕ್ಕು, ಸೀತಾಫಲ, ಎಳನೀರುಗಳ ರುಚಿಯನ್ನೇ ಐಸ್‌ಕ್ರೀಮಿಗೆ ತಂದರು. 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಹೆಸರು ದೇಶದ ಎಷ್ಟೋ ಊರುಗಳಲ್ಲಿತ್ತು. ಇದನ್ನು ಸಣ್ಣದೆನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ನನ್ನ ಕಸುಬಿನದೇ ಕಥೆ. 1925ರಲ್ಲಿ ಉಡುಪಿಯಲ್ಲಿ ಒಬ್ಬ ವೈದ್ಯರು, ಒಬ್ಬ ವ್ಯಾಪಾರಿ, ಒಬ್ಬ ಇಂಜಿನಿಯರು ಸೇರಿದರು: ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟನು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆ ತರುವುದು! ಎರಡಾಣೆಗೆ ಒಬ್ಬ ಮನುಷ್ಯನನ್ನು ಕಳಿಸುವುದೆಂದರೆ ನನ್ನಂಥ ಬಿ.ಕಾಂ. ಓದಿದವನು ಲೆಕ್ಕ ಹಾಕಿ ನಷ್ಟವೆಂದು ಬರೆದುಬಿಡುತ್ತಿದ್ದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಮನೆಬಾಗಿಲಿನ ಆ ಬುದ್ಧಿ ಮಾತ್ರ ಲೀನವಾಗಬಾರದು.

ದೊಡ್ಡ ವೇದಿಕೆಯ ಭಾಷಣಗಳ ಬಗ್ಗೆ ಹೆಚ್ಚು ಹೇಳಲಾರೆ. ಧೈರ್ಯ ಮಾಡಿ, ಬಿದ್ದರೆ ಏಳಿ ಎಂದರು. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ನನ್ನನ್ನು ಅಲುಗಿಸಿದ್ದು ಒಂದು ಮೂಲೆಯ ಮಳಿಗೆ. ಹಿಂದಿಯ ಗದ್ದಲದ ನಡುವೆ ಧಾರವಾಡದ ಕಡೆಯ ಕನ್ನಡ ಕಿವಿಗೆ ಬಿತ್ತು. ಒಬ್ಬ ಹೆಣ್ಣುಮಗಳು ಜೋಳದ ಕಟಿ ರೊಟ್ಟಿಯನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದೇ ತಡ, ಕುರ್ಚಿ ಕೊಟ್ಟಳು, ರೊಟ್ಟಿ ಕೊಟ್ಟಳು, ಶೇಂಗಾ ಚಟ್ನಿ ಕೊಟ್ಟಳು. ಆಮೇಲೆ, “ನೀವು ಎಲ್ಲೆ ಇರ್ತೀರ್ರಿ?” ಎಂದಳು. ಬ್ಯಾಂಕಿನಲ್ಲಿ ಎಂದೆ. ಆಕೆ ನಕ್ಕಳು.

“ನಾ ಮೊದಲ ಸಲ ಸಾಲಾ ಕೇಳಾಕ ಹೋದಾಗ ಬ್ಯಾಂಕಿನವರು ಏನ್ ಕೇಳಿದ್ರು ಗೊತ್ತೇನ್ರಿ ಅಣ್ಣಾರ? ‘ನಿಮ್ಮ ಯಜಮಾನರ ಪಗಾರ ಎಷ್ಟು?’ ಅಂದ್ರು. ರೊಟ್ಟಿ ಎಷ್ಟು ಹೋಗ್ತಾವು ಅಂತ ಯಾರೂ ಕೇಳ್ಲಿಲ್ಲ. ನನ್ನ ಲೆಕ್ಕದ ಪುಸ್ತಕಾ ಚೀಲದಾಗ ಹಂಗೇ ಇತ್ತು.”

ರೊಟ್ಟಿ ನನ್ನ ಗಂಟಲಲ್ಲಿ ಸಿಕ್ಕಿತು. ಆ ಪ್ರಶ್ನೆಯನ್ನು ಎಷ್ಟು ಹೆಂಗಸರಿಗೆ ನಾನೇ ಕೇಳಿದ್ದೇನೆ! 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಯವರೆಗಿನದು ‘ಶಿಶು’ ಸಾಲ, ಅದಕ್ಕೆ ಆಸ್ತಿಯ ಅಡಮಾನ ಬೇಡ ಎಂಬುದು ನನಗೆ ಕಂಠಪಾಠ. ಕೌಂಟರಿನ ಆಚೆ ನಿಂತವರಿಗೆ ಅದನ್ನು ನಾನಾಗಿ ಹೇಳಿದ್ದು ಕಡಿಮೆ. ಸಾಲ ಸುಸ್ತಿಯಾದರೆ ಎಂಬ ಹೆದರಿಕೆ ಸುಳ್ಳಲ್ಲ. ಆದರೆ ವ್ಯಾಪಾರದ ಲೆಕ್ಕ ನೋಡದೆ ಗಂಡನ ಸಂಬಳ ನೋಡುವುದು ಎಚ್ಚರಿಕೆಯಲ್ಲ, ಬರಿಯ ಸೋಮಾರಿತನ.

ಅಂದು ರಾತ್ರಿ ಊಟವಾದ ಮೇಲೆ, “ನಿನ್ನ ಪುಡಿಯ ಲೆಕ್ಕ ಎಲ್ಲಾದರೂ ಬರೆದಿಟ್ಟಿದ್ದೀಯಾ?” ಎಂದು ಕೇಳಿದೆ. ಆಕೆ ತಿರುಗಿ ನೋಡಿ, “ಬ್ಯಾಂಕಿನವರಾಗಿ ಕೇಳುತ್ತೀರೋ, ಮನೆಯವರಾಗಿ ಕೇಳುತ್ತೀರೋ?” ಎಂದಳು. ಉತ್ತರ ತೋಚಲಿಲ್ಲ.

ಅಕ್ಕಿ ಡಬ್ಬಿಯ ಹಿಂದಿನಿಂದ ಮಗಳ ಹಳೆಯ ನೋಟ್‌ಬುಕ್ ಬಂತು. ಮೂರು ವರ್ಷದ ಲೆಕ್ಕ. ಬ್ಯಾಡಗಿ ಮೆಣಸಿನಕಾಯಿ ಯಾವ ತಿಂಗಳು ಏರಿತು, ಯಾವ ತಿಂಗಳು ಇಳಿಯಿತು. ಗಿರಣಿಗೆ ಹೋಗಿಬರುವ ಆಟೋ ಬಾಡಿಗೆ. ಯಾರು ಕೊಟ್ಟರು, ಯಾರು ಕೊಡಬೇಕು. ನಮ್ಮ ಶಾಖೆಗೆ ಬರುವ ಎಷ್ಟೋ ಅಂಗಡಿಕಾರರ ಪುಸ್ತಕಕ್ಕಿಂತ ಚೊಕ್ಕ. ಯಂತ್ರ ಬಂದರೆ ಗಿರಣಿಯ ಖರ್ಚಿನಲ್ಲಿ ಕಂತು ಎಷ್ಟು ತೀರುತ್ತದೆ ಎಂಬುದನ್ನೂ ಕೊನೆಯ ಹಾಳೆಯಲ್ಲಿ ಬರೆದಿದ್ದಳು. ತಾರೀಖು ನೋಡಿದೆ: ಆ ದೀಪಾವಳಿಯ ಹಿಂದಿನ ವಾರ.

ನಾನಿರುವ ಶಾಖೆಯಲ್ಲಿ ಆಕೆ ಅರ್ಜಿ ಕೊಡುವುದು ಸರಿಯಲ್ಲವೆಂದು ಬೇರೆ ಬ್ಯಾಂಕಿಗೆ ಹೋದೆವು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಆಕೆ ಒಬ್ಬಳೇ ನೋಟ್‌ಬುಕ್ ಹಿಡಿದು ಒಳಗೆ ಹೋದಳು. ಯಂತ್ರ ಈಗ ನಮ್ಮ ಅಡಿಗೆಮನೆಯ ಪಕ್ಕದ ಬಾಲ್ಕನಿಯಲ್ಲಿದೆ. ಸದ್ದಿಗೆ ಮೇಲಿನ ಮನೆಯವರು ಗೊಣಗುತ್ತಾರೆ. ಭಾನುವಾರ ಅದನ್ನು ತಿರುಗಿಸಕೂಡದೆಂದು ಒಪ್ಪಂದವಾಗಿದೆ.

ಒಂದು ಮಾತು ಮರೆತಿದ್ದೆ. ಆ ನೋಟ್‌ಬುಕ್ಕಿನ ಬಾಕಿದಾರರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಹೆಸರು ‘ಇವರು’. ಆಫೀಸಿನ ಸ್ನೇಹಿತರಿಗೆಂದು ನಾನು ಒಯ್ದ ಪುಡಿಯ ಬಾಬ್ತು 1,140 ರೂಪಾಯಿ. ಅದು ಇನ್ನೂ ತೀರಿಲ್ಲ. ಕಾರ್ಯದರ್ಶಿಗಳು ತಮ್ಮ ಚಂದಾಕ್ಕೆ ಸ್ವಲ್ಪ ಕಾಯಬೇಕೆಂದು ಕೋರುತ್ತೇನೆ.