ತೇಪೆಗೊಂದು ಚೀಟಿ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಬೆಂಗಳೂರಾಗ ಏನು ಕೆಲಸ ಮಾಡ್ತಿ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಕಂಪ್ಯೂಟರ್ ಕೆಲಸ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ. ನಾನು ತೇಪೆ ಹಚ್ಚುವವನು.

1993ರಲ್ಲಿ ಶುರುವಾದ ಡೆಬಿಯನ್ ಎಂಬ ವ್ಯವಸ್ಥೆ ಇದೆ. ದುಡ್ಡು ಕೊಡದೆ ಯಾರೂ ಬಳಸಬಹುದು, ತಿದ್ದಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಅದರಲ್ಲಿ ಸಿಗುತ್ತವೆ. ತಂತ್ರಾಂಶ ಬರೆಯುವವರು ಒಬ್ಬರು. ಅದನ್ನು ಎಲ್ಲರ ಕಂಪ್ಯೂಟರಿಗೆ ಹೊಂದುವಂತೆ ಪ್ಯಾಕೇಜ್ ಕಟ್ಟುವವರು ಇನ್ನೊಬ್ಬರು. ಬರೆದವರನ್ನು ನಾವು 'ಅಪ್‌ಸ್ಟ್ರೀಮ್' ಎನ್ನುತ್ತೇವೆ, ಅಂದರೆ ಹೊಳೆಯ ಮೇಲಿನವರು. ಭೀಮಾ ನದಿ ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಸೊನ್ನ ಬ್ಯಾರೇಜಿಗೆ ಬರುತ್ತದಲ್ಲ, ಹಾಗೆ.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಒಂದು ಕನ್ನಡ ಫಾಂಟಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಸರಿದು ಮೂಡುತ್ತಿತ್ತು. ಮೂಲ ಕಡತಕ್ಕೇ ಕೈಹಾಕಿ ಸರಿಮಾಡಿದೆ. ಏನು, ಯಾಕೆ ಎಂದು ಎಲ್ಲೂ ಬರೆದಿಡಲಿಲ್ಲ. ಆರು ತಿಂಗಳಿಗೆ ಹೊಸ ಆವೃತ್ತಿ ಬಂತು. ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ; ನನ್ನ ತಿದ್ದುಪಡಿಯೂ ಅದರ ಜೊತೆ ಹೋಯಿತು. ಒಬ್ಬ ಮೇಷ್ಟ್ರು ಪ್ರಶ್ನೆಪತ್ರಿಕೆ ಮುದ್ರಿಸಿ, ಒತ್ತಕ್ಷರ ಮತ್ತೆ ಕೆಟ್ಟಿವೆ ಎಂದು ಬರೆದರು. ಹಿಂದೆ ಏನು ತಿದ್ದಿದ್ದೆ ಎಂಬುದು ನನಗೇ ನೆನಪಿರಲಿಲ್ಲ. ಎರಡು ರಾತ್ರಿ ಕುಳಿತು ಹುಡುಕಿದೆ.

ಇದೇ ಶಾಲೆಯಲ್ಲಿ ಗಣಿತದ ಗುರುಗಳು "ಉತ್ತರ ಸರಿ ಅದ, ಕ್ರಮ ಎಲ್ಲಿ?" ಎಂದು ಅಂಕ ಕಳೆಯುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಆ ಎರಡು ರಾತ್ರಿ ಅವರೇ ನೆನಪಾದರು.

ಈಗ ಕ್ರಮ ಬರೆದಿಡುತ್ತೇನೆ. ತಿದ್ದುಪಡಿಗಳ ಲೆಕ್ಕ ಇಡಲು ಗಿಟ್ ಎಂಬ ಸಾಧನವಿದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಮಾಡಿದ್ದು. 'ಗಿಟ್ ಫಾರ್ಮ್ಯಾಟ್-ಪ್ಯಾಚ್' ಎಂಬ ಆಜ್ಞೆ ಕೊಟ್ಟರೆ ಪ್ರತಿ ತಿದ್ದುಪಡಿಯೂ 0001, 0002 ಎಂಬ ಸಂಖ್ಯೆ ಹೊತ್ತು ಬೇರೆ ಬೇರೆ ಕಡತವಾಗಿ ಹೊರಬರುತ್ತದೆ. ಮೇಲೆ ತಿದ್ದಿದವರ ಹೆಸರು, ತಾರೀಖು, ಕಾರಣ. ಕೆಳಗೆ, ತೆಗೆದ ಸಾಲಿಗೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿಗೆ ಕೂಡುವ ಚಿಹ್ನೆ. ಇದೇ ಪ್ಯಾಚ್, ನಮ್ಮ ಮಾತಿನಲ್ಲಿ ತೇಪೆ. ಇವನ್ನು ಪ್ಯಾಕೇಜಿನೊಳಗೆ ಬೇರೆಯಾಗಿಟ್ಟು, ಯಾವುದು ಮೊದಲು, ಯಾವುದು ಆಮೇಲೆ ಎಂದು 'ಸೀರೀಸ್' ಎಂಬ ಪಟ್ಟಿಯಲ್ಲಿ ಬರೆಯುತ್ತೇವೆ. ಮೂಲ ಹೇಗಿತ್ತೋ ಹಾಗೇ ಉಳಿಯುತ್ತದೆ. ತೇಪೆಗಳನ್ನು ಒಂದರ ಮೇಲೊಂದು ಹಚ್ಚುವ ಸಾಧನದ ಹೆಸರು ಕ್ವಿಲ್ಟ್. ಅಂದರೆ ನಮ್ಮ ಅವ್ವಂದಿರು ಹೊಲಿಯುವ ಕೌದಿ!

ಹೊಸ ಆವೃತ್ತಿಗೆ ಯಾವುದಾದರೂ ತೇಪೆ ಹೊಂದದಿದ್ದರೆ ಕೆಲಸ ಅಲ್ಲೇ ನಿಂತು, ಇಂಥದ್ದು ಕೂಡಲಿಲ್ಲ ಎಂದು ಹೇಳುತ್ತದೆ. ಯಾರಿಗೂ ತಿಳಿಯದೆ ಕಳೆದುಹೋಗುವುದಿಲ್ಲ. ಅದೇ ತೇಪೆಯನ್ನು ಮೂಲ ಬರೆದವರಿಗೂ ಕಳಿಸುತ್ತೇವೆ. ಅವರು ಒಪ್ಪಿ ಸೇರಿಸಿಕೊಂಡರೆ ನಮ್ಮದನ್ನು ತೆಗೆದುಬಿಡಬಹುದು. ತಿದ್ದಿದ್ದು ಎಲ್ಲರಿಗೂ ಸಿಗುತ್ತದೆ. ನನ್ನ ಒತ್ತಕ್ಷರದ ಎಂಟು ಸಾಲಿನ ತೇಪೆ ಹಾಗೆ ಮೇಲಕ್ಕೆ ಹೋಯಿತು. ಆಮೇಲೆ ಎಷ್ಟೋ ಆವೃತ್ತಿ ಬಂದವು, ಒತ್ತಕ್ಷರ ಮತ್ತೆ ಕೆಡಲಿಲ್ಲ.

ಮಕ್ಕಳೆ, ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ ತಪ್ಪಾಗಿ ಕಂಡರೆ ಸುಮ್ಮನಿರಬೇಡಿ. ಎಲ್ಲಿ ತಪ್ಪಿದೆ, ಹೇಗಿರಬೇಕು, ಯಾಕೆ ಎಂದು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ಕಳಿಸಿ. ಸೊನ್ನದ ಹುಡುಗಿಯೊಬ್ಬಳು ತಿದ್ದಿದ ಅಕ್ಷರವನ್ನು ನಾಡೆಲ್ಲ ಓದುವ ದಿನ ಬರಲಿ.