ಅಜ್ಜಿಯ ಜಪಸರ: ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಪ್ರಬೋಧನೆ



ಇಂದು ಜುಲೈ 26. ಮಾತೆ ಮರಿಯಮ್ಮನವರ ತಂದೆತಾಯಿ, ಯೇಸುಸ್ವಾಮಿಯ ಅಜ್ಜ ಅಜ್ಜಿ, ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರನ್ನು ಧರ್ಮಸಭೆ ಸ್ಮರಿಸುವ ದಿನ. ನಾಲ್ಕು ಶುಭಸಂದೇಶಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಈ ಇಬ್ಬರ ಹೆಸರು ನಮಗೆ ಸಿಗುವುದಿಲ್ಲ. ಅವು ನಮಗೆ ತಲುಪಿದ್ದು ಎರಡನೆಯ ಶತಮಾನದ ಒಂದು ಹಳೆಯ ಬರಹದಿಂದ, ಭಕ್ತಜನರ ಪರಂಪರೆಯಿಂದ. ಅನ್ನಮ್ಮನವರು ಆಡಿದ ಒಂದು ಮಾತೂ ಪವಿತ್ರ ಗ್ರಂಥದಲ್ಲಿ ದಾಖಲಾಗಿಲ್ಲ. ಆದರೆ ಅವರು ಬೆಳೆಸಿದ ಮಗಳು ದೇವದೂತನ ಮುಂದೆ ನಿಂತು ದೇವರಿಗೆ 'ಆಗಲಿ' ಎಂದಳು. ಆ ಒಂದು ಉತ್ತರವೇ ಆ ತಾಯಿಯ ಬದುಕಿಗೆ ಸಾಕ್ಷಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಕುಟುಂಬಗಳಲ್ಲಿಯೂ ಇಂತಹ ಅಜ್ಜಿಯರಿದ್ದಾರೆ. ಎಷ್ಟೋ ಜನರ ಹೆಸರು ಹೊಲದ ಪಹಣಿಯಲ್ಲಿಲ್ಲ, ಬ್ಯಾಂಕಿನ ಪುಸ್ತಕದಲ್ಲಿಲ್ಲ. ಆದರೆ ನಮಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ಕೈ ಯಾರದು? ಕೈಹಿಡಿದು ಪೂಜೆಗೆ ಕರೆತಂದವರು ಯಾರು? ಯೋಚಿಸಿ ನೋಡಿ.

ನಮ್ಮದು ಬರದ ಸೀಮೆ. ಜಯಮಂಗಲಿ ನದಿ ಹೆಸರಿನಲ್ಲಿ ಮಂಗಳವಿದ್ದರೂ ವರ್ಷದ ಬಹುಪಾಲು ಅದರಲ್ಲಿ ಮರಳೇ ಕಾಣುತ್ತದೆ. ಮಳೆ ಕೈಕೊಟ್ಟರೆ ಕಡಲೆಕಾಯಿ ಬೆಳೆಯೂ ಇಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನಿನ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಘಟಕ 2019ರಲ್ಲಿ ಪೂರ್ಣಗೊಂಡಿತು. ಆ ಜಮೀನನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಹೊಲದ ಕೆಲಸ ಕಡಿಮೆಯಾದಂತೆ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ಗಾರ್ಮೆಂಟ್ಸ್, ಗಾರೆ ಕೆಲಸ, ಡ್ರೈವರ್ ಕೆಲಸ. ಊರಿನಲ್ಲಿ ಉಳಿಯುವವರು ಅಜ್ಜಿ ಮತ್ತು ಮೊಮ್ಮಕ್ಕಳು. ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದು ಮಂಡಿ ಸೊಂಟ ಹಿಡಿದುಕೊಂಡ ಆ ಅಜ್ಜಿಯೇ ಮುದ್ದೆ ಕೂಡಿಸಬೇಕು, ಮಗುವನ್ನು ಶಾಲೆಗೆ ಕಳುಹಿಸಬೇಕು, ಸಂಜೆ ದೀಪ ಹಚ್ಚಿ ಪ್ರಾರ್ಥನೆಗೂ ಕೂರಿಸಬೇಕು.

ಇದು ನಮ್ಮ ಸೀಮೆಯ ಕಥೆ ಮಾತ್ರವಲ್ಲ. ದೂರದ ಐರ್ಲೆಂಡ್ ದೇಶದ ಕಥೆಯೂ ಇದೇ. 1845ರಿಂದ ಅಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾ ಕ್ಷಾಮ ಬಂದಿತು. ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ದೇಶ ಬಿಟ್ಟರು. ಆ ನಂತರ ತಲೆಮಾರುಗಳ ಕಾಲ ಐರಿಷ್ ತಾಯಂದಿರು ಬೆಳೆದ ಮಕ್ಕಳನ್ನು ಹಡಗು ಹತ್ತಿಸಿ ಕಣ್ಣೊರೆಸಿಕೊಂಡರು. ಮಕ್ಕಳಿಗೆ ಕಟ್ಟಿಕೊಡಲು ಅವರ ಬಳಿ ಹಣವಿರಲಿಲ್ಲ. ಜಪಸರವಿತ್ತು.

ಅಂತಹ ಒಬ್ಬ ತಾಯಿ ಮೇಯೋ ಪ್ರಾಂತ್ಯದ ಮೇರಿ ಪೇಟನ್. ಬಡ ರೈತನ ಮನೆ, ಒಂಬತ್ತು ಮಕ್ಕಳು. ಪ್ರತಿ ಸಂಜೆ ಆ ಮನೆಯವರೆಲ್ಲ ಮೊಣಕಾಲೂರಿ ಜಪಸರ ಮಾಡುತ್ತಿದ್ದರು. 1928ರಲ್ಲಿ ಅವರ ಮಗ ಪ್ಯಾಟ್ರಿಕ್, 19 ವರ್ಷದ ಹುಡುಗ, ಅಣ್ಣನ ಜೊತೆ ಅಮೆರಿಕೆಗೆ ಹೊರಟ. ಮುಂದೆ ಗುರುವಾದ ಆತ ಮನೆಯಲ್ಲಿ ಕಲಿತದ್ದನ್ನೇ ಲೋಕಕ್ಕೆಲ್ಲ ಸಾರಿದರು. ಕೂಡಿ ಪ್ರಾರ್ಥಿಸುವ ಕುಟುಂಬ ಕೂಡಿ ಬಾಳುತ್ತದೆ ಎಂಬ ಮಾತನ್ನು ಮನೆಮಾತಾಗಿಸಿದ ಫಾದರ್ ಪೇಟನ್ ಇವರೇ. 1950ರ ದಶಕದಲ್ಲಿ ನಮ್ಮ ಭಾರತಕ್ಕೂ ಬಂದು ಜಪಸರದ ಮಹಾಸಭೆಗಳನ್ನು ನಡೆಸಿದರು. 2017ರಲ್ಲಿ ಧರ್ಮಸಭೆ ಅವರನ್ನು 'ಪೂಜ್ಯರು' ಎಂದು ಘೋಷಿಸಿತು.

ಇನ್ನೊಬ್ಬ ತಾಯಿಯ ಫಲ ನಮ್ಮ ಬೆಂಗಳೂರಿಗೇ ತಲುಪಿದೆ. ಐರಿಷ್ ವಂಶದ ಗ್ಲೌರಿ ಕುಟುಂಬ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಒಣ ಸೀಮೆಯಲ್ಲಿ ವಾಸವಾಗಿತ್ತು. ಗುರುಗಳು ಬರುವುದು ಅಪರೂಪ, ವೈದ್ಯರೂ ದೂರ. ಮಾರ್ಗರೆಟ್ ಎಂಬ ಆ ತಾಯಿ ಮನೆಯ ಜಪಸರದ ಕೊನೆಗೆ ಮತ್ತೊಂದು 'ನಮೋ ಮರಿಯಾ' ಸೇರಿಸುತ್ತಿದ್ದರು: ಒಳ್ಳೆಯ ಗುರುಗಳಿಗಾಗಿ, ಒಳ್ಳೆಯ ವೈದ್ಯರಿಗಾಗಿ. ಅದನ್ನು ಕೇಳುತ್ತಾ ಬೆಳೆದ ಮಗಳು ಮೇರಿ 1910ರಲ್ಲಿ ವೈದ್ಯೆಯಾದರು. ಭಾರತದಲ್ಲಿ ಹೆಂಗಸರು, ಹಸುಗೂಸುಗಳು ವೈದ್ಯರಿಲ್ಲದೆ ಸಾಯುತ್ತಿರುವುದನ್ನು 1915ರಲ್ಲಿ ಒಂದು ಕಿರುಹೊತ್ತಿಗೆಯಲ್ಲಿ ಓದಿದರು. 1920ರಲ್ಲಿ ಗುಂಟೂರಿಗೆ ಬಂದು ಧರ್ಮಭಗಿನಿಯಾದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂದು ಹಂಬಲಿಸಿದರು. 1957ರ ಮೇ 5ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ನಮ್ಮ ತಾಲ್ಲೂಕುಗಳಿಂದಲೂ ರೋಗಿಗಳು ಇಂದು ಅಲ್ಲಿಗೆ ಹೋಗುತ್ತಾರೆ.

ಪ್ರಿಯರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಮನೆ ಬೇಡಿದ್ದು ತಮ್ಮ ಊರಿಗೊಬ್ಬ ವೈದ್ಯರನ್ನು. ದೇವರು ಆ ಮನೆಯ ಮಗಳನ್ನೇ ವೈದ್ಯೆಯನ್ನಾಗಿ ಮಾಡಿ ಪರರ ಊರಿಗೆ ಕಳುಹಿಸಿದರು. ಭಗಿನಿ ಮೇರಿ ಗ್ಲೌರಿ 37 ವರ್ಷ ಭಾರತದಲ್ಲಿದ್ದು ಒಮ್ಮೆಯೂ ತವರಿಗೆ ಮರಳಲಿಲ್ಲ. ಪ್ರಾರ್ಥನೆ ಅಗ್ಗದ ವಸ್ತುವಲ್ಲ. ತಾಯಿಯ ಪ್ರಾರ್ಥನೆಗೆ ಉತ್ತರ ಬರುವಾಗ ಅವಳ ಮಡಿಲೇ ಬರಿದಾಗಬಹುದು. ಆದರೂ ಅವಳು ಪ್ರಾರ್ಥಿಸುತ್ತಾಳೆ.

ಪವಿತ್ರ ಗ್ರಂಥದ ನವೊಮಿಯನ್ನು ನೆನೆಯಿರಿ. ಬೆತ್ಲೆಹೇಮಿನಲ್ಲಿ ಬರ ಬಂದು ಮೋವಾಬಿಗೆ ಗುಳೆ ಹೋದ ಹೆಂಗಸು ಅವಳು. ಗಂಡನೂ ಹೋದ, ಇಬ್ಬರು ಗಂಡುಮಕ್ಕಳೂ ಹೋದರು. ಬರಿಗೈಯಲ್ಲಿ ಹಿಂತಿರುಗಿದಳು. ಆದರೆ ಸೊಸೆ ರೂತ್ ಅವಳ ಕೈಬಿಡಲಿಲ್ಲ. ಕೊನೆಗೆ ಆ ಮುದುಕಿಯ ಮಡಿಲಿಗೆ ಒಂದು ಮಗು ಬಂತು. ಓಬೇದನೆಂಬ ಆ ಮಗುವೇ ದಾವೀದರಸನ ಅಜ್ಜ. ಸಂತ ಪೌಲರೂ ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸ ಮೊದಲು ಅಜ್ಜಿ ಲೋಯಿಯಲ್ಲಿ, ಆಮೇಲೆ ತಾಯಿ ಯೂನಿಸಳಲ್ಲಿ ಇತ್ತೆಂದು ನೆನಪಿಸುತ್ತಾರೆ. ಪೋಪ್ ಫ್ರಾನ್ಸಿಸರೂ ತಮ್ಮ ಅಜ್ಜಿ ರೋಸಾರನ್ನು ಜೀವನಪೂರ್ತಿ ಮರೆಯಲಿಲ್ಲ. ಅಜ್ಜಅಜ್ಜಿಯರಿಗಾಗಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು 2021ರಲ್ಲಿ ವಿಶ್ವದಿನವನ್ನಾಗಿ ಮಾಡಿದವರು ಅವರೇ.

ಇಂದು ನಮ್ಮ ಮನೆಗಳ ಸ್ಥಿತಿಯೇನು? ಅಜ್ಜಿ ಮೂಲೆಯಲ್ಲಿ ಜಪಸರ ಹಿಡಿದಿರುತ್ತಾರೆ, ಉಳಿದವರು ಮೊಬೈಲ್ ಹಿಡಿದಿರುತ್ತೇವೆ. ಆ ಅಜ್ಜಿ ತೀರಿಕೊಂಡ ದಿನ ಜಪಸರವನ್ನು ಅವರ ಕೈಗೇ ಸುತ್ತಿ ಮಣ್ಣು ಮಾಡುತ್ತೇವೆ. ಅದರ ಜೊತೆಗೇ ಮನೆಯ ಪ್ರಾರ್ಥನೆಯನ್ನೂ ಹೂತುಬಿಟ್ಟರೆ, ಮುಂದಿನ ತಲೆಮಾರಿಗೆ ಉಳಿಯುವುದೇನು?

ಆದ್ದರಿಂದ ಹಬ್ಬದ ಈ ದಿನ ಮೂರು ಮಾತು ಹೇಳುತ್ತೇನೆ.

ಅಜ್ಜಿಯರೇ, ಅವ್ವಂದಿರೇ, 'ನನಗೆ ಓದು ಬರಹ ಬರದು, ನಾನೇನು ಕಲಿಸಲಿ' ಎನ್ನಬೇಡಿ. ನಿಮಗೆ ಬರುವ ಪ್ರಾರ್ಥನೆಯನ್ನು ಮಕ್ಕಳಿಗೆ ಕೇಳಿಸುವಂತೆ ಬಾಯಿಬಿಟ್ಟು ಹೇಳಿ. ಮಾರ್ಗರೆಟ್ ತಾಯಿ ಸೇರಿಸಿದ್ದು ಒಂದೇ ಒಂದು 'ನಮೋ ಮರಿಯಾ'.

ಊರು ಬಿಟ್ಟು ದುಡಿಯುತ್ತಿರುವ ಮಕ್ಕಳೇ, ತಿಂಗಳಿಗೊಮ್ಮೆ ಹಣ ಕಳುಹಿಸಿದರೆ ಮುಗಿಯಲಿಲ್ಲ. ಆಲಿಸುವ ಕಿವಿಯೂ ಅವರಿಗೆ ಬೇಕು. ಮೊಬೈಲ್ ಇದೆಯಲ್ಲ, ವಾರಕ್ಕೊಮ್ಮೆಯಾದರೂ ಅದರಲ್ಲೇ ಅವ್ವನ ಜೊತೆ ಸೇರಿ ಪ್ರಾರ್ಥನೆ ಮಾಡಿ. ಅವ್ವನ ಮಂಡಿನೋವಿಗೆ ಔಷಧಿಯನ್ನೂ, ಕುಡಿಯಲು ಶುದ್ಧ ನೀರನ್ನೂ ಒದಗಿಸುವುದು ಧರ್ಮವೇ. ತಂದೆತಾಯಿಯನ್ನು ಗೌರವಿಸು ಎಂಬ ಕಟ್ಟಳೆ ಅವರ ಸಾವಿನ ನಂತರದ ಪೂಜೆಗಷ್ಟೇ ಸೀಮಿತವಲ್ಲ.

ಮಕ್ಕಳೇ, ಇಂದು ಮನೆಗೆ ಹೋಗಿ ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ಅವರ ಅಜ್ಜಿಯ ಹೆಸರೇನೆಂದು ಕೇಳಿ. ಆ ಹೆಸರನ್ನು ಬರೆದಿಟ್ಟುಕೊಂಡು ರಾತ್ರಿಯ ಪ್ರಾರ್ಥನೆಯಲ್ಲಿ ನೆನೆಯಿರಿ.

ಅನ್ನಮ್ಮನವರ ಮಡಿಲಲ್ಲಿ ಮರಿಯಮ್ಮನವರನ್ನು ಬೆಳೆಸಿದ ದೇವರು ನಮ್ಮ ಬರದ ಸೀಮೆಯ ಮನೆಗಳಲ್ಲಿಯೂ ವಿಶ್ವಾಸದ ಒರತೆ ಬತ್ತದಂತೆ ಕಾಯಲಿ. ನಮ್ಮನ್ನು ಅಗಲಿದ ಎಲ್ಲ ತಾಯಂದಿರಿಗೆ, ಅಜ್ಜಿಯರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಸಂತ ಜೋಕಿಮರೇ, ಸಂತ ಅನ್ನಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ.

ಆಮೆನ್.